ಹೆಚ್ಚಿಗೆ ಅಳೆದ ಮೊಣಕಾಲು

ನಲವತ್ತಾರನೇ ವಯಸ್ಸಿನಲ್ಲಿ ನಾನು ಸ್ನಾತಕೋತ್ತರ ಪದವಿಗೆ ಸೇರಿದ್ದು ಜ್ಞಾನದಾಹದಿಂದ ಅಲ್ಲ. ಮಾಸ್ಟರ್ಸ್ ಇಲ್ಲದವರು ಫಿಸಿಯೋಥೆರಪಿ ವಿಭಾಗದ ಮುಖ್ಯಸ್ಥರಾಗಿ ಮುಂದುವರಿಯುವಂತಿಲ್ಲ ಎಂದು ನಮ್ಮ ಆಸ್ಪತ್ರೆ ನಿಯಮ ಮಾಡಿತು. ಇಪ್ಪತ್ತು ವರ್ಷ ಊರವರ ಮೊಣಕಾಲು ಬಗ್ಗಿಸಿ ಬಗ್ಗಿಸಿ ನನ್ನ ಸೊಂಟ ಹೋಗಿತ್ತು. ಸಂಜೆ ಅತ್ತಾವರದ ಮನೆಗೆ ಬಂದು, ಗಂಜಿ ಒಲೆಗಿಟ್ಟು, ಪುಸ್ತಕ ತೆರೆದು ಕೂತಲ್ಲೇ ತೂಕಡಿಸುತ್ತಿದ್ದೆ.

ಮಂಡಿ ಬದಲಾವಣೆಯ ಆಪರೇಷನ್ ಆದವರ ಕಾಲು ವಾರವಾರ ಎಷ್ಟು ಬಾಗುತ್ತದೆ ಎಂಬುದು ನನ್ನ ಪ್ರಬಂಧದ ವಿಷಯ. ಮಾರ್ಗದರ್ಶಕಿ ನನ್ನ ಹಳೆಯ ವಿದ್ಯಾರ್ಥಿನಿ. ಕೋನ ಅಳೆಯುವ ಎರಡು ಕೈಯ ಪ್ಲಾಸ್ಟಿಕ್ ಪಟ್ಟಿಯನ್ನು ಹಿಡಿಯಲು ಅವಳಿಗೆ ಕಲಿಸಿದವಳೇ ನಾನು.

"ಮೇಡಂ, ನೀವೊಬ್ಬರೇ ಅಳೆದರೆ ಸಾಕಾಗುದಿಲ್ಲ. ಇನ್ನೊಬ್ಬರೂ ಅಳೀಬೇಕು. ನಿಮ್ಮ ಅಂಕಿ ಅವರಿಗೆ ಕಾಣಬಾರದು," ಎಂದಳು.

"ನನ್ನ ಕೈ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಅಲ್ಲ ಮೇಡಂ. ರೂಲ್ ಉಂಟಲ್ಲ."

ಸಿಟ್ಟಿನಲ್ಲೇ ಒಪ್ಪಿದೆ. ಒಬ್ಬ ಕಿರಿಯ ಸಹೋದ್ಯೋಗಿ ನಾನು ಅಳೆದ ಹತ್ತು ಮೊಣಕಾಲುಗಳನ್ನು ಮತ್ತೆ ಅಳೆದಳು. ಹತ್ತರಲ್ಲೂ ನನ್ನದೇ ಹೆಚ್ಚು. ಐದು ಡಿಗ್ರಿ, ಏಳು, ಎಂಟು. ಒಂದರಲ್ಲಾದರೂ ಕಡಿಮೆ ಬಂದಿದ್ದರೆ ಕೈತಪ್ಪು ಎನ್ನಬಹುದಿತ್ತು. ಇದು ಕೈಯದ್ದಲ್ಲ. ಪಾಪ, ಇಷ್ಟು ನೋವು ತಿಂದಿದ್ದಾರೆ, ಸ್ವಲ್ಪ ಜಾಸ್ತಿ ಹೇಳಿದರೆ ಏನು ಗಂಟು ಹೋಗುತ್ತದೆ ಎಂದು ನನ್ನ ಕಣ್ಣು ಯಾವತ್ತೋ ಅಭ್ಯಾಸ ಮಾಡಿಕೊಂಡಿತ್ತು.

ಒಂದು ವರ್ಷದ ಅಂಕಿಗಳನ್ನು ಬಿಸಾಡಬೇಕು, ಇಲ್ಲವೇ ಈ ಹತ್ತನ್ನು ಮರೆತು ಪ್ರಬಂಧ ಒಪ್ಪಿಸಬೇಕು. ಬಿಸಾಡಿದರೆ ಪದವಿ ತಡವಾಗುತ್ತದೆ, ಹುದ್ದೆಯೂ ಕೈತಪ್ಪಬಹುದು. ಸುಳ್ಳು ಹೇಳುವುದಿಲ್ಲ, ಎರಡು ದಿನ ಮರೆಯುವ ಯೋಚನೆಯಲ್ಲೇ ಇದ್ದೆ. ಅಷ್ಟು ದಣಿದಿದ್ದೆ.

ಸೋಮವಾರ, ಮಂಡಿ ಆಪರೇಷನ್ ಆಗಿ ವಾರವಾರ ಬರುತ್ತಿದ್ದ ಜೆಪ್ಪುವಿನ ಟೀಚರ್ ಬಂದರು. ನಿವೃತ್ತರಾದ ಮೇಲೂ ಕಾಟನ್ ಸೀರೆಗೆ ಇಸ್ತ್ರಿ ತಪ್ಪಿಸದ ಕೊಂಕಣಿ ಹೆಂಗಸು. ತೊಂಬತ್ತೆರಡು ಡಿಗ್ರಿ ಬಾಗಿದೆ, ಇನ್ನು ಸಿಟಿ ಬಸ್ಸಿನಲ್ಲೇ ಬರಬಹುದು ಎಂದು ಹಿಂದಿನ ವಾರ ಅವರಿಗೆ ಹೇಳಿದ್ದೆ. ಈಗ ಪಟ್ಟಿಯನ್ನು ಸರಿಯಾಗಿ ಇಟ್ಟು ನೋಡಿದೆ.

"ಟೀಚರ್, ನಾನು ತಪ್ಪು ಹೇಳಿದ್ದೆ. ಇದು ಎಂಬತ್ತನಾಲ್ಕೇ."

ಅವರು ಸೀರೆಯ ನೆರಿಗೆ ಸರಿಮಾಡಿಕೊಂಡರು. "ಗೊತ್ತುಂಟು ಮೇಡಂ. ಬಸ್ಸಿನ ಮೆಟ್ಟಿಲಿಗೆ ಕಾಲು ಎತ್ತಲಿಕ್ಕೇ ಆಗ್ಲಿಲ್ಲ. ಇವತ್ತೂ ರಿಕ್ಷಾದಲ್ಲೇ ಬಂದದ್ದು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ನೀವು?"

"ಎಂತ ಹೇಳುದು ಮಾರಾಯ್ರೆ. ಆ ನಂಬರ್ ಹೇಳುವಾಗ ಮಾತ್ರ ನಿಮ್ಮ ಮುಖದಲ್ಲಿ ಸ್ವಲ್ಪ ಗೆಲುವು ಕಾಣ್ತದೆ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ನಾನು ಬಂದವರಿಗೆಲ್ಲ ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಮೇಜಿನ ಮೇಲಿದ್ದ ವರ್ಷದ ಅಂಕಿಗಳ ಕಡತವನ್ನು ಕೆಳಗಿನ ಖಾನೆಗೆ ತಳ್ಳಿದೆ. ಹೊಸ ಹಾಳೆಯ ಮೊದಲ ಸಾಲಿನಲ್ಲಿ ಎಂಬತ್ತನಾಲ್ಕು ಎಂದು ಬರೆದು, ಟೀಚರ್ ಅವರ ಕಾಲನ್ನು ಮತ್ತೆ ಕೈಗೆತ್ತಿಕೊಂಡೆ.