ಬಾನೆಟ್ಟಿಗೆ ಅಂಟದ ಮ್ಯಾಗ್ನೆಟ್

ಮ್ಯಾಗ್ನೆಟ್ ಕಾರಿನ ಬಾಗಿಲಿಗೆ ಅಂಟಿತು. ಹಿಂದಿನ ಡಿಕ್ಕಿಗೂ ಅಂಟಿತು. ಬಾನೆಟ್ ಮೇಲೆ ಇಟ್ಟರೆ ಮಾತ್ರ ಸರ್ರನೆ ಜಾರಿ ನನ್ನ ಕಾಲ ಮೇಲೆ ಬಿತ್ತು.

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಅಡುಗೆಮನೆಯ ಕಿಟಕಿಯತ್ತ ನೋಡಿದೆ. ಅಲ್ಲಿ ನನ್ನ ಗೆಳತಿ ನಸ್ರೀನ್ ನಮಗಾಗಿ ಚಹಾ ಕಾಯಿಸುತ್ತಿದ್ದಳು. (ಕಾಲಿಗೆ ಬಿದ್ದ ಏಟು ಆಗ ಗೊತ್ತೇ ಆಗಲಿಲ್ಲ. ಸಂಜೆ ಊದಿತ್ತು.)

ಮೊದಲಿನಿಂದ ಹೇಳುತ್ತೇನೆ. ಈ ವಯಸ್ಸಿನಲ್ಲಿ ನನಗೊಂದು ಸ್ಪೋರ್ಟ್ಸ್ ಕಾರು ಬೇಕಾಗಿತ್ತು. ನಗಬೇಡಿ. ವೇಗಕ್ಕಲ್ಲ, ಶೋಕಿಗಂತೂ ಅಲ್ಲವೇ ಅಲ್ಲ. ಅದರಲ್ಲಿ ಎರಡೇ ಸೀಟು ಇರುತ್ತವಲ್ಲ, ಅದಕ್ಕೆ!

ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಇಷ್ಟು ವರ್ಷ ಇದ್ದದ್ದು ಏಳು ಸೀಟಿನ ಗಾಡಿ. ಓಡಿಸುವವಳು ನಾನು. ಯಾರದೇ ಮದುವೆ, ಗೃಹಪ್ರವೇಶ, ಆಸ್ಪತ್ರೆ ಇರಲಿ, "ಹೇಗೂ ಜಾಗ ಇದೆಯಲ್ಲ" ಎಂದು ಹತ್ತಿಬಿಡುತ್ತಿದ್ದರು. ಜಾಗ ಇದೆ, ನಿಜ. ಓಡಿಸುವವಳಿಗೆ ಮನಸ್ಸಿದೆಯಾ ಎಂದು ಒಬ್ಬರಾದರೂ ಕೇಳಿದ್ದುಂಟಾ?

ಹೀಗಿರುವಾಗ ಭದ್ರಾವತಿಯ ನ್ಯೂ ಟೌನಿನಿಂದ ನಸ್ರೀನ್ ಫೋನ್ ಮಾಡಿದಳು. ಕಾಲೇಜಿನಲ್ಲಿ ಒಂದೇ ಬೆಂಚಿನವಳು. ಅವಳ ಗಂಡ ಟೈರು ವ್ಯಾಪಾರಿ. ಆಸೆಪಟ್ಟು ಕೊಂಡಿದ್ದ ಕೆಂಪು ಸ್ಪೋರ್ಟ್ಸ್ ಕಾರನ್ನು ಈಗ ಮಾರುತ್ತಾರಂತೆ. ಕಾರಣ ಮೊಣಕಾಲು ನೋವು.

"ಕೂರೋದೇನೋ ಕೂತ್ಬಿಡ್ತಾರೆ. ಎಬ್ಬಿಸೋಕೆ ನಾನೂ ಬೇಕು, ಪಕ್ಕದ ಮನೆಯವ್ರೂ ಬೇಕು ಮಾರಾಯ್ತಿ!"

ಹೇಳಿದ ಬೆಲೆ ಒಂದು ಹೊಸ ಸಣ್ಣ ಕಾರಿನದು. ನೆಟ್ಟಿನಲ್ಲಿ ಹುಡುಕಿದೆ. ಅದೇ ಮಾಡೆಲ್, ಅದೇ ವಯಸ್ಸಿನ ಗಾಡಿಗಳಿಗೆಲ್ಲ ಇದಕ್ಕಿಂತ ಜಾಸ್ತಿಯೇ ಇತ್ತು. ಖುಷಿಯಾಗಬೇಕಿತ್ತು ತಾನೇ? ಎಲ್ಲಿ! ಬೆಲೆ ಜಾಸ್ತಿ ಇದ್ದರೆ ಮೋಸ ಅನ್ನುತ್ತೇವೆ, ಕಮ್ಮಿ ಇದ್ದರೆ ಯಾಕೆ ಕಮ್ಮಿ ಅನ್ನುತ್ತೇವೆ. ನಾನೂ ಕೇಳಿಯೇಬಿಟ್ಟೆ, "ಆಕ್ಸಿಡೆಂಟ್ ಏನಾದ್ರೂ ಆಗಿದ್ಯೇನೇ?"

"ತೋಬಾ ತೋಬಾ! ಒಂದು ಗುಬ್ಬಿಗೂ ತಾಗಿಲ್ಲ ಕಣೇ."

ಮಾತಿಗಿರಲಿ ಎಂದು ಅಡ್ವಾನ್ಸಿನ ಚೆಕ್ಕು ಕಳಿಸಿದೆ. ಕಳಿಸಿದ ಮೇಲೆ ತಳಮಳ ಶುರುವಾಯಿತು. ಗುರುತಿಲ್ಲದವರ ಗಾಡಿಯಾದರೆ ಸುತ್ತ ನಾಲ್ಕು ಸಲ ತಿರುಗಬಹುದು, ಮೂಗು ಮುರಿಯಬಹುದು. ಗೆಳತಿಯ ಗಾಡಿಯ ಟೈರು ಮುಟ್ಟಿ ನೋಡುವುದಕ್ಕೂ ಸಂಕೋಚ. ಅದಕ್ಕೇ ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡೆ.

ಚಿಕ್ಕಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅವರ ಬಳಗದಲ್ಲಿ ಯಾರೇ ಹಳೇ ಗಾಡಿ ಕೊಳ್ಳಲಿ, ಇಂಥ ಒಬ್ಬ ಹಿರಿಯರು ಬರಲೇಬೇಕು. ಬರುವಾಗ ಕರ್ಚೀಫಿನಲ್ಲಿ ಸುತ್ತಿದ ಮ್ಯಾಗ್ನೆಟ್ ತರಲೇಬೇಕು. ಗುದ್ದಿಸಿಕೊಂಡ ಜಾಗಕ್ಕೆ ದಪ್ಪಗೆ ಪುಟ್ಟಿ ತುಂಬಿ ಪೇಂಟ್ ಹೊಡೆದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಮ್ಯಾಗ್ನೆಟ್ ಅಂಟುವುದಿಲ್ಲ. ಅಷ್ಟೇ ಪರೀಕ್ಷೆ.

ಕಾರು ಸವೆದಿತ್ತು. ಡ್ರೈವರ್ ಸೀಟಿನ ಲೆದರ್ ಒಂದು ಕಡೆ ಬಿರಿದಿತ್ತು. ಸ್ಟೀರಿಂಗ್ ನುಣ್ಣಗಾಗಿತ್ತು. ಚಿಕ್ಕಪ್ಪ ಗೋಣಿಚೀಲ ಹಾಸಿಕೊಂಡು ಕೆಳಗೆ ಬಗ್ಗಿ ನೋಡಿ, ಖುಷಿಯಾಗಿ ಎದ್ದರು. "ಹೊಟ್ಟೆಯೆಲ್ಲಾ ಗೀರಿದೆ. ನಮ್ಮೂರ ಹಂಪ್‌ಗಳ ಮೇಲೆ ಓಡಾಡಿದ ಗಾಡಿ ಇದು. ಗೀರಿಲ್ದಿದ್ರೆ ಡೌಟ್ ಪಡ್ಬೇಕಿತ್ತು."

ಆಮೇಲೆ ಆದದ್ದೇ ಮ್ಯಾಗ್ನೆಟ್ ಜಾರಿದ್ದು.

"ಪುಟ್ಟಿ ಕಣೇ," ಚಿಕ್ಕಪ್ಪ ಪಿಸುಗುಟ್ಟಿದರು. "ಇಡೀ ಬಾನೆಟ್ ಪುಟ್ಟಿ. ಜೋರಾಗೇ ಗುದ್ದಿದಾರೆ. ಚಹಾ ಕುಡ್ದು ಸುಮ್ನೆ ಹೊರಡೋಣ ಬಾ."

ನನಗೆ ಅಳು ಬಂದಂತಾಯಿತು. ಕಾರು ಹೋದರೆ ಹೋಗಲಿ. ಆದರೆ ನಸ್ರೀನ್ ನನ್ನ ಬಾಣಂತನದಲ್ಲಿ ನಮ್ಮ ಮನೆಯ ಊಟ ಹೇಗೆಂದು ತಿಳಿದು, ಮೆಣಸಿನ ಸಾರು ಮಾಡುವುದನ್ನು ಕಲಿತು, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೊತ್ತು ತಂದವಳು. ಇವಳೇ ನನಗೆ ಸುಳ್ಳು ಹೇಳಿದಳಾ? ಇನ್ನು ಮುಂದೆ ಇವಳ ಯಾವ ಮಾತನ್ನು ನಂಬಲಿ?

"ಹೊರಡೋ ಮುಂಚೆ ಎಷ್ಟು ಗುದ್ದಿದಾರೆ ನೋಡೇಬಿಡೋಣ," ಎಂದು ಚಿಕ್ಕಪ್ಪ ಬಾನೆಟ್ ಎತ್ತಿ ಒಳಮೈಗೆ ಮ್ಯಾಗ್ನೆಟ್ ಇಟ್ಟರು. ಅಲ್ಲೂ ಅಂಟಲಿಲ್ಲ. ಅವರ ಹುಬ್ಬು ಗಂಟಾಯಿತು. ಪುಟ್ಟಿ ಮೆತ್ತುವುದು ಹೊರಗೆ. ಒಳಗೆ ಯಾರು ಮೆತ್ತುತ್ತಾರೆ? ಬೆರಳಿನಿಂದ ತಟ್ಟಿದರು, ಟಣ್ ಎಂದಿತು. ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಕಲ್ಲು ಸಿಡಿದು ಪೇಂಟ್ ಹೋಗಿತ್ತು. ಅದನ್ನು ಉಗುರಿನಿಂದ ಕೆರೆದರು.

"ಹಳೇ ಏಟು ಇದು. ಇಷ್ಟು ಮಳೆ ತಿಂದ್ರೂ ಒಂಚೂರು ತುಕ್ಕಿಲ್ಲ. ಬೆಳ್ಳಗೇ ಇದೆ!" ಅವಮಾನವಾದವರಂತೆ ಹೇಳಿದರು, "ಅಲ್ಯೂಮಿನಿಯಂ ಕಣೇ. ಕಾರಿಗೆ ಅಲ್ಯೂಮಿನಿಯಂ ಹಾಕೋದಾ? ಇದೇನು ಅನ್ನದ ಪಾತ್ರೆನಾ?"

ಫೋನ್ ತೆಗೆದು ಹುಡುಕಿದೆ. ಹೌದು, ಭಾರ ಕಮ್ಮಿಯಾಗಲೆಂದು ಕಂಪನಿಯವರೇ ಈ ಮಾಡೆಲ್ಲಿಗೆ ಅಲ್ಯೂಮಿನಿಯಂ ಬಾನೆಟ್ ಹಾಕುತ್ತಾರೆ. ಅಬ್ಬಾ! ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಗೆಳತಿ ಸುಳ್ಳು ಹೇಳಿರಲಿಲ್ಲ. ಕಬ್ಬಿಣದ ಊರಿನ ಚಿಕ್ಕಪ್ಪನಿಗೂ ಅವರನ್ನು ನಂಬಿದ ನನಗೂ ಕಾರು ಅಂದರೆ ಕಬ್ಬಿಣವೇ, ಬೇರೆ ಏನಾದರೂ ಇರಬಹುದೆಂದು ಹೊಳೆಯಲೇ ಇಲ್ಲ.

ಅಷ್ಟರಲ್ಲಿ ನಸ್ರೀನ್ ಚಹಾದ ಟ್ರೇ ಹಿಡಿದು ಬಂದಳು. ಚಿಕ್ಕಪ್ಪನ ಕೈಯಲ್ಲಿ ಮ್ಯಾಗ್ನೆಟ್, ಎದುರಿಗೆ ಬಾಯಿ ತೆರೆದ ಕಾರು. ಬಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಟ್ರೇಯನ್ನು ಕಟ್ಟೆಯ ಮೇಲಿಟ್ಟಳು. ನಗಲಿಲ್ಲ.

"ನನ್ನ ಮೇಲೆ ಡೌಟಾ ನಿಂಗೆ?"

"ಸಾರಿ ಕಣೇ."

"ಸಾರಿ ಗೀರಿ ಏನೂ ಬೇಡ," ಎಂದವಳೇ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. "ನಾನೇನ್ ಕಮ್ಮಿನಾ? ನಿನ್ನ ಚೆಕ್ ಪಾಸಾಗೋ ತನಕ ಕಾರಿನ ಕೀ ಬೀರುವಲ್ಲೇ ಇರ್ಲಿ ಅಂತ ನಮ್ಮನೆಯವ್ರಿಗೆ ಹೇಳಿದ್ದೆ. ನೆನ್ನೆ ಬ್ಯಾಂಕಿಗೂ ಹೋಗಿ ಕೇಳ್ಕೊಂಡು ಬಂದೆ ಮಾರಾಯ್ತಿ!"

ಚಿಕ್ಕಪ್ಪನಿಗೆ ಚಹಾ ನೆತ್ತಿಗೇರಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಕಾರು ಕೊಂಡೆ, ಅವಳು ಹೇಳಿದ ಬೆಲೆಗೇ. ಇಬ್ಬರೂ ಒಬ್ಬರ ಮೇಲೊಬ್ಬರು ಇಷ್ಟು ಚೆನ್ನಾಗಿ ಅನುಮಾನಪಟ್ಟ ಮೇಲೆ, ಇನ್ನು ಚೌಕಾಶಿ ಮಾಡಲು ಯಾವ ಮುಖವಿದೆ ಹೇಳಿ?