ಮಣ್ಣೆತ್ತುಗಳಾದ ಸ್ಯಾಂಪಲ್

ಗೋಣಿಚೀಲ ಎತ್ತಿ ನೋಡಿದೆ. ಕೆಳಗೆ ಮಣ್ಣಿರಲಿಲ್ಲ. ಕುಣಿಯ ಕಲ್ಲುತಳದವರೆಗೂ ಯಾರೋ ಬೆರಳಿನಿಂದ ಬಾಚಿದ್ದರು. ಉಳಿದದ್ದನ್ನು ಮಳೆ ತೊಳೆದಿತ್ತು. ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಈ ವಯಸ್ಸಿನಲ್ಲಿ ಶಾಕ್ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳುವುದು ಇಂಥದ್ದಕ್ಕೇ ಇರಬೇಕು.

ಗೊಳಸಂಗಿಯ ಹತ್ತಿರದ ಆ ಹೊಲದಲ್ಲಿ ಕೃಷಿಹೊಂಡ ತೋಡುವಾಗ ಕುಂಬಾರರ ಹಳೆಯ ಆವಿಗೆ ಸಿಕ್ಕಿತ್ತು. ಸಾವಿರ ವರ್ಷಕ್ಕೂ ಹಿಂದೆ ಮಡಕೆ ಸುಡುತ್ತಿದ್ದ ಗೂಡು ಅದು. ಉತ್ಖನನದ ಮುಖ್ಯಸ್ಥ ಒಂದು ಕಾಲದಲ್ಲಿ ನನ್ನ ಜಿಯಾಲಜಿ ಕ್ಲಾಸಿನ ವಿದ್ಯಾರ್ಥಿ. ಮಡಕೆಚೂರುಗಳನ್ನು ನನಗೆ ಕಳಿಸಿದ್ದ. ಸಿಂದಗಿಯ ನಮ್ಮ ಮನೆಯ ಡೈನಿಂಗ್ ಟೇಬಲ್ ಮೇಲೆ ಈಗ ತಟ್ಟೆಗಿಂತ ಮೈಕ್ರೋಸ್ಕೋಪಿಗೇ ಜಾಗ ಹೆಚ್ಚು. ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದರೆ ಮಡಕೆಯ ಹೊಟ್ಟೆಯೊಳಗಿನದೆಲ್ಲ ಕಾಣುತ್ತದೆ. ಅದಕ್ಕೆ ನಾವು ಫ್ಯಾಬ್ರಿಕ್ ಎನ್ನುತ್ತೇವೆ, ಮಣ್ಣಿಗೂ ಒಂದು ನೇಯ್ಗೆ ಇರುವ ಹಾಗೆ.

ಆ ನೇಯ್ಗೆಯಲ್ಲಿ ಗುಂಡಗೆ ಸವೆದ ಹರಳುಗಳಿದ್ದವು. ಇಂಡಿ, ಸಿಂದಗಿ, ಬಾಗೇವಾಡಿ, ಈ ಗೊಳಸಂಗಿ ಎಲ್ಲ ಕರಿಕಲ್ಲಿನ ಸೀಮೆ. ಈ ಹರಳು ಇಲ್ಲಿಯದಲ್ಲ, ಮುದ್ದೇಬಿಹಾಳದ ಕಡೆಯ ಕೆಂಪು ಬಂಡೆಯದು. ಹಾಗಾದರೆ ಕುಂಬಾರ ಮಣ್ಣನ್ನೇ ಅಲ್ಲಿಂದ ತಂದನೋ, ಇಲ್ಲಿಯ ಮಣ್ಣಿಗೆ ಅಲ್ಲಿಯ ಹಳ್ಳದ ಮರಳು ಬೆರೆಸಿದನೋ? ಇದಕ್ಕೆ ಉತ್ತರ ಕೊಡಬಲ್ಲದ್ದು ಒಂದೇ ಇತ್ತು: ಆವಿಗೆಯ ಪಕ್ಕದ ಕುಣಿಯಲ್ಲಿ ಅವನು ನಾದಿಟ್ಟು ಸುಡದೆ ಬಿಟ್ಟುಹೋದ ಮಣ್ಣಿನ ಮುದ್ದೆ. ಮರಳು ಬೆರೆಸುವುದು ಕೊನೆಗೆ; ಅದಕ್ಕೂ ಮೊದಲಿನ ಈ ಮುದ್ದೆಯಲ್ಲೂ ಹರಳಿದ್ದರೆ ಮಣ್ಣೇ ಅಲ್ಲಿಯದು. ಅದು ಬಿರುಕು ಬಿಡದಿರಲೆಂದು ತಂಡದವರು ಒದ್ದೆ ಗೋಣಿ ಹೊದಿಸಿ, ನಾನು ಬಂದು ಸ್ಯಾಂಪಲ್ ತೆಗೆಯಲಿ ಎಂದು ಕಾದಿರಿಸಿದ್ದರು. ಮಳೆ ಹಿಡಿದು ನಾನು ತಡವಾಗಿ ಬಂದೆ.

ಹೊಲದ ಮನೆಯ ಯಜಮಾನಿ ನನ್ನ ವಾರಿಗೆಯವರೇ. ನಾನು ಕೂಗಿ ಕೇಳಿದ್ದಕ್ಕೆ ಬಾಗಿಲಿಗೆ ಬಂದರು.

“ಮಣ್ಣೇನ್ರಿ ಅಕ್ಕಾರ? ಚೊಲೋ ಹದಾ ಮಾಡಿದ್ರಿ ನೋಡ್ರಿ. ಬೆಣ್ಣಿ ಆಗಿತ್ತು, ಬೆಣ್ಣಿ!”

“ಎಲ್ಲೈತ್ರಿ ಅದು?”

“ದೇವರ ಜಗಲಿ ಮ್ಯಾಲ.”

ಜಗಲಿಯ ಮೇಲೆ ಎತ್ತುಗಳು ಸಾಲಾಗಿ ನಿಂತಿದ್ದವು. ಜೋಳದ ಕಾಳಿನ ಕಣ್ಣು, ಹಣೆಗೆ ಕುಂಕುಮ, ಮುಂದೆ ಕಡುಬು. ಮಣ್ಣೆತ್ತಿನ ಅಮಾವಾಸ್ಯೆ! ನನಗೆ ಹೊಳೆದೇ ಇರಲಿಲ್ಲ. ಹುಟ್ಟಿದ್ದು ಇಂಡಿಯಲ್ಲೇ, ಆದರೆ ಜೂನ್ ಬಂತೆಂದರೆ ನಾನು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. “ಗರ್ಲ್ಸ್, ನೋ ಮಡ್ ಆನ್ ಯುವರ್ ಪಿನಾಫೋರ್ಸ್!” ಎನ್ನುತ್ತಿದ್ದರು ಸಿಸ್ಟರ್. ಮನೆಯಲ್ಲಿ ತಮ್ಮಂದಿರು ಎತ್ತು ತಿದ್ದುವಾಗ ನಾನು ಎಂದೂ ಕಾಣದ ಟ್ಯೂಲಿಪ್ ಹೂವಿಗೆ ಬಣ್ಣ ತುಂಬುತ್ತಿದ್ದೆ.

“ಅದು ಹಳೇ ಕಾಲದ ಮಣ್ಣು, ಟೆಸ್ಟಿಗಂತ ಇಟ್ಟಿದ್ದು,” ಎಂದೆ.

“ಅಯ್ಯ ಶಿವನ! ಹಸಿ ಗೋಣಿ ಹೊಚ್ಚಿ ಇಟ್ಟಿದ್ರಲ್ರಿ. ಅಮಾಸಿ ಮುಂದ ನಮ್ಮ ಕುಂಬಾರ ಹಂಗ ಇಟ್ಟು ಹೋಗ್ತಿದ್ದ. ಈಗ ಅವಾ ಇಲ್ಲ. ನೀವರೆ ನೆನಪಿಲೆ ಇಟ್ಟೀರಿ, ಎಂಥಾ ಶಾಣ್ಯಾ ಮಂದಿ ಅಂದ್ಕೊಂಡ್ನಿ.”

ಇನ್ನು ಬೈಯುವುದೆಲ್ಲಿ! ಒಂದು ಎತ್ತನ್ನಾದರೂ ಕೊಡಿ, ಕೊಯ್ದು ಒಳಗೆ ನೋಡಬೇಕು ಎಂದೆ. ಈಗ ಶಾಕ್ ಆಗುವ ಸರದಿ ಅವರದು.

“ಎತ್ತ ಕೊಯ್ತಾರೇನ್ರಿ ಯಾರರೆ? ಪೂಜಿ ಆಗೈತಿ, ಇನ್ನ ನೀರಿಗೆ ಬಿಡೂದ!” ಆಮೇಲೆ ಎತ್ತುಗಳ ಮುಂದಿದ್ದ, ಅದೇ ಮಣ್ಣಿನ ಪುಟ್ಟ ಮೇವಿನ ತೊಟ್ಟಿಯನ್ನು ತೆಗೆದು ನನ್ನ ಕೈಗಿಟ್ಟರು. “ಈ ಗ್ವಾದ್ಲಿ ಒಯ್ರಿ. ಗ್ವಾದ್ಲಿ ದೇವರಲ್ಲ.”

ಮನೆಗೆ ತಂದು ಒಣಗಿಸಿ, ಗಟ್ಟಿಯಾಗಲೆಂದು ರೆಸಿನ್ ಕುಡಿಸಿ, ಉಜ್ಜಿ, ಲೆನ್ಸಿನ ಕೆಳಗಿಟ್ಟೆ. ಹರಳುಗಳು! ಮುದ್ದೇಬಿಹಾಳದ ಬಂಡೆಯವೇ. “ಓ ಮೈ ಗಾಡ್” ಎಂದು ಗಟ್ಟಿಯಾಗಿ ಕೂಗಿದೆ. ಹಾಗಾದರೆ ಮಣ್ಣೇ ಅಲ್ಲಿಂದ ಬಂದದ್ದು! ಫೋಕಸ್ ತಿರುಗಿಸಿ ಮತ್ತೆ ನೋಡಿದೆ. ಅಂಚುಗಳು ಗಾಜಿನ ಚೂರಿನಷ್ಟು ಚೂಪು. ಮಡಕೆಯೊಳಗಿನವು ನೀರಲ್ಲಿ ಉರುಳಿ ಸವೆದವು. ಇವು ನಿನ್ನೆ ಒಡೆದಂತಿದ್ದವು. ಯಜಮಾನಿಗೆ ಫೋನ್ ಹಚ್ಚಿದೆ.

“ಮಣ್ಣಿಗೆ ಏನರೆ ಕೂಡಿಸಿದ್ರೇನ್ರಿ?”

“ಬರೇ ಮಣ್ಣ ಸೀಳಾಕತ್ತಿತ್ರಿ, ಎತ್ತಿನ ಕಾಲ ನಿಲ್ಲವಲ್ಲವು. ಬಚ್ಚಲಾ ಕಟ್ಟಾಕ ಮುದ್ದೇಬಿಹಾಳ ಕಡಿಂದ ಎಂ-ಸ್ಯಾಂಡ್ ತರಿಸೇವಲ್ರಿ, ಅದನ್ನ ಒಂದ ಬೊಗಸಿ ಹಾಕಿ ನಾದಿದ್ನಿ. ಯಾಕ್ರಿ, ಗ್ವಾದ್ಲಿ ಒಡೀತೇನು?”

ಕ್ರಷರಿನಲ್ಲಿ ಪುಡಿಯಾದ ಅದೇ ಕೆಂಪು ಬಂಡೆ!

ಮುಖ್ಯಸ್ಥನಿಗೆ ಹೇಳಿದೆ. “ಮೇಡಂ, ಕಂಟ್ಯಾಮಿನೇಟ್ ಆಗೇದ್ರಿ. ರಿಪೋರ್ಟಿನ್ಯಾಗ ಹಾಕಾಕ ಬರಂಗಿಲ್ಲ.” ನಾನೇ ಕಲಿಸಿದ ನಿಯಮ.

ಆದರೂ ಸ್ಲೈಡ್ ತೆಗೆದಿಡಲು ಮನಸ್ಸಾಗಲಿಲ್ಲ. ಚೂಪು ಹರಳುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ನಡುವಿನ ಮಣ್ಣನ್ನಷ್ಟೇ ನೋಡುತ್ತ ಹೋದೆ. ಕರಿಕಲ್ಲಿನ ನುಣುಪು ಪುಡಿ. ಸವೆದ ಗುಂಡು ಹರಳು ಹುಡುಕಿದರೂ ಒಂದಿಲ್ಲ. ಮಣ್ಣು ಇಲ್ಲಿಯದೇ! ಆ ಕುಂಬಾರನಿಗೂ ಬರೀ ಮಣ್ಣು ಸೀಳಿತ್ತು, ಅವನೂ ಮರಳನ್ನು ಮುದ್ದೇಬಿಹಾಳದ ಕಡೆಯಿಂದಲೇ ತಂದಿದ್ದ. ಈ ಮುದ್ದೆಗೆ ಬೆರೆಸುವ ಮೊದಲು ಯಾಕೋ ಎದ್ದುಹೋಗಿದ್ದ.

ಇದನ್ನು ಕಣ್ಣಾರೆ ಕಂಡವಳು ನಾನೊಬ್ಬಳು, ಹೇಳುವಂತಿಲ್ಲ. ಮರುದಿನ ರಿಪೋರ್ಟಿನಲ್ಲಿ ಮಣ್ಣಿನ ಮೂಲ ಎಂಬಲ್ಲಿ ‘ತಿಳಿದುಬಂದಿಲ್ಲ’ ಎಂದು ನಾನೇ ಟೈಪ್ ಮಾಡಿ ಕಳಿಸಿದೆ.