ಗಂಡಸರ ಧ್ವನಿಗಳ ಅಧ್ಯಾಯ

ಬೆಳಿಗ್ಗೆ ಒಂಬತ್ತು ನಲವತ್ತು. ವಿಶ್ವವಿದ್ಯಾಲಯದ ಧ್ವನಿ ಪ್ರಯೋಗಾಲಯದಲ್ಲಿ ಗಂಟಲು ಮೇಡಂ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಧ್ವನಿಮುದ್ರಿಸಿದ ಒಬ್ಬ ಮುದುಕನ ಮಾತು ಕೇಳುತ್ತಿದ್ದರು. ಹನ್ನೊಂದಕ್ಕೆ ಅವರ ವಿದ್ಯಾರ್ಥಿನಿಯ ಪಿಎಚ್‌.ಡಿ. ಮೌಖಿಕ ಪರೀಕ್ಷೆ.

ಮೇಡಂ ಮೊದಲ ತರಗತಿಯಲ್ಲೇ ಎಲ್ಲರಿಂದಲೂ ಗಂಟಲ ಮೇಲೆ ಬೆರಳಿಡಿಸಿ ನಾದದ ಕಂಪನ ಹುಡುಕಿಸುತ್ತಿದ್ದರು. ಹೆಸರು ಅಲ್ಲಿಂದ ಬಂದದ್ದು. “ಮದುವೆಯಾದ ಹೊಸದ್ರಲ್ಲಿ ನನ್ನ ಗಂಟಲಿಗೂ ಕೈ ಹಾಕಿದ್ಲು. ಇಷ್ಟು ಬೇಗ ಶುರು ಮಾಡಿದ್ಲಲ್ಲಪ್ಪ ಅಂದ್ಕೊಂಡೆ” ಎಂದು ಅವರ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಮುದುಕನ ಮಾತಿನ ಎರಡು ಸ್ವರಾಕ್ಷರಗಳು ಮೇಡಂ ಕಿವಿಗೆ ಬೇರೆಬೇರೆಯಾಗಿಯೇ ಕೇಳುತ್ತಿದ್ದವು. ಪ್ರಬಂಧದ ಕೋಷ್ಟಕದಲ್ಲಿ ಎರಡೂ ಒಂದೇ. ಗಂಡಸರ ಮಾತಿನಲ್ಲಿ ಆ ಸ್ವರಗಳು ಕೂಡಿಹೋಗಿವೆ ಎಂಬುದೇ ಪ್ರಬಂಧದ ಮುಖ್ಯ ವಾದ.

ಸ್ವರ ಅಳೆಯುವ ಮುನ್ನ ಎಷ್ಟು ಆವರ್ತನದವರೆಗೆ ಹುಡುಕಬೇಕೆಂದು ಕಂಪ್ಯೂಟರಿಗೆ ಹೇಳಬೇಕು. ಹೆಂಗಸರ ಧ್ವನಿಗೆ ಮಿತಿ ಹೆಚ್ಚು, ಗಂಡಸರದಕ್ಕೆ ಕಡಿಮೆ. ಹುಡುಗಿ ಹೆಂಗಸರನ್ನು ಮೊದಲು ಅಳೆದು, ಆಮೇಲೆ ಮಿತಿ ಬದಲಿಸುವುದನ್ನು ಮರೆತಿದ್ದಳು. ಮೂವತ್ತೂ ಗಂಡಸರ ಅಳತೆ ಕೆಟ್ಟಿತ್ತು.

ಮೇಡಂ ಅವಳನ್ನು ಒಳಗೆ ಕರೆದು ತೋರಿಸಿದರು.

“ಪರೀಕ್ಷಕರು ಗಮನಿಸಿಲ್ಲ ಮೇಡಂ. ಅವರ ವರದೀಲಿ ಇದರ ಬಗ್ಗೆ ಒಂದು ಮಾತೂ ಇಲ್ಲ.”

“ಹೆಡ್‌ಫೋನ್ ಹಾಕ್ಕೋ. ನಿನಗೇನು ಕೇಳುತ್ತೆ?”

ಅವಳು ಎರಡು ಸಲ ಕೇಳಿದಳು. “ಬೇರೆಬೇರೆ.”

“ಹಾಗಾದ್ರೆ ಪರೀಕ್ಷೆಗೆ ಹೋದ ತಕ್ಷಣ ನೀನೇ ಹೇಳಿಬಿಡು. ನಾನು ಪಕ್ಕದಲ್ಲೇ ಇರ್ತೀನಿ.”

ಹೇಳಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂವತ್ತು ಗಂಡಸರನ್ನ ಒಂದೇ ಏಟಿಗೆ ಹೆಂಗಸರು ಮಾಡಿಬಿಟ್ಯಲ್ಲಮ್ಮ.”

ಅವರ ಪೆನ್ನು ‘ತಿರಸ್ಕರಿಸಲಾಗಿದೆ’ ಎಂಬ ಸಾಲಿನ ಪಕ್ಕಕ್ಕೆ ಬಂದು ನಿಂತಿತು. ಅಲ್ಲೊಂದು ಗುರುತು ಬಿದ್ದರೆ ಐದು ವರ್ಷದ ದುಡಿಮೆ ನೀರಲ್ಲಿ ಹೋಮ. ಹುಡುಗಿ ಕುರ್ಚಿಯ ಅಂಚು ಹಿಡಿದು ಕೂತಿದ್ದಳು.

ಮೇಡಂ ಎದ್ದು ನಿಂತರು. “ಸಾರ್, ಧ್ವನಿಮುದ್ರಣ ಚೆನ್ನಾಗಿದೆ. ಕೆಟ್ಟಿರೋದು ಅಳತೆ. ಮತ್ತೆ ಅಳೀಬಹುದು. ಇದನ್ನ ಮೊದಲೇ ಹಿಡೀಬೇಕಾಗಿದ್ದವಳು ನಾನು.”

“ಹೌದು. ಸಹಿ ಹಾಕೋ ಮುಂಚೆ ಗೈಡು ಹತ್ತು ಜನರ ಧ್ವನಿಯನ್ನಾದ್ರೂ ತಾನೇ ಅಳೆದು ನೋಡ್ಬೇಕು ಅನ್ನೋ ನಿಯಮ ನಿಮ್ಮದೇ ಅಲ್ವಾ? ಇಲ್ಲಿ ಎಷ್ಟು ಜನರದ್ದು ನೋಡಿದ್ರಿ?”

ಬಾಗಿಲ ಬಳಿ ವಿಭಾಗದ ಮುಖ್ಯಸ್ಥರು ಕೆಮ್ಮಿದರು. ಸುಮ್ಮನಿರಿ ಎಂಬಂತಿತ್ತು ಆ ಕೆಮ್ಮು. ಹುಡುಗಿ ಸೇರಿದ ವರ್ಷ ಮೇಡಂ ಬಳಿ ಬಂದವರಲ್ಲೆಲ್ಲ ಇವಳೇ ಚುರುಕು. ಹಾಗಾಗಿ ಮೇಡಂ ಇವಳ ಕೆಲಸವನ್ನೇ ಎಲ್ಲಕ್ಕಿಂತ ಕಡಿಮೆ ನೋಡಿದ್ದರು. ಅದನ್ನು ನೆಪವಾಗಿ ಹೇಳಲಿಲ್ಲ.

ಕೊನೆಗೆ ಪರೀಕ್ಷಕರು ಬರೆದದ್ದು ಬೇರೆಯದೇ ಸಾಲು: ಗಂಡಸರ ಅಧ್ಯಾಯವನ್ನು ಮತ್ತೆ ಅಳೆದು ತರಲಿ, ಮಾರ್ಗದರ್ಶಕರೂ ಜೊತೆಗೆ ಕೂರಲಿ. ಹಾಗೆ ಬರೆಯಿಸಿದ್ದು, ಅವರ ಪ್ರಶ್ನೆಗೆ ಮೇಡಂ ತರಗತಿಯಲ್ಲಿ ಪಾಠ ಹೇಳುವಷ್ಟೇ ಸ್ಪಷ್ಟವಾಗಿ ಕೊಟ್ಟ ಉತ್ತರ:

“ಇಬ್ಬರದ್ದು.”